ಮಾಗಿಯ ಬಿಸಿಲಿನಲ್ಲಿ ಲಕ್ಕುಂಡಿ

ವರ್ಷದ ಆರು ಋತುಗಳಲ್ಲಿ ಶಿಶಿರಕ್ಕೆ ದೊರೆತಿರುವ ಮನ್ನಣೆ ಕಡಮೆ. ವಸಂತಕ್ಕೆ ಚಿಗುರಿದೆ, ವರ್ಷಾಕಾಲಕ್ಕೆ ಮುಗಿಲಿದೆ, ಶರತ್ತಿಗೆ ಬೆಳುದಿಂಗಳಿದೆ. ಶಿಶಿರಕ್ಕೆ ಉದುರಿದ ಎಲೆಯೂ ಒಣಗಿದ ಹುಲ್ಲೂ ಅಲ್ಲದೆ ಬೇರೇನಿದೆ ಎಂದು ಕೇಳುವವರುಂಟು. ಎರೆನಾಡಿನ ರೈತನು ಹಾಗೆ ಕೇಳುವುದಿಲ್ಲ. ಅವನ ಪಾಲಿಗೆ ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ದಿನಗಳು ವರ್ಷದ ದುಡಿಮೆಯ ಫಲ ಕೈಗೆ ಬರುವ ದಿನಗಳು. ಮಳೆ ನಿಂತು ತಿಂಗಳುಗಳು ಕಳೆದಿದ್ದರೂ, ಕಪ್ಪು ಮಣ್ಣು ತನ್ನ ಒಡಲಲ್ಲಿ ಬಚ್ಚಿಟ್ಟುಕೊಂಡ ತೇವದಿಂದ ಹಿಂಗಾರಿಯ ಬೆಳೆ ಬಲಿಯುತ್ತದೆ. ಬಿಳಿಜೋಳದ ತೆನೆಯಲ್ಲಿ ಕಾಳು ಇನ್ನೂ ಎಳೆಯದಾಗಿರುವಾಗ ಹೊಲದ ಬದುವಿನಲ್ಲಿ ಕೆಂಡ ಮಾಡಿ ಸೀತನಿ ಸುಡುತ್ತಾರೆ. ಕಡಲೆಯ ಗಿಡದ ಮೇಲೆ ಬಿದ್ದ ಇಬ್ಬನಿಗೆ ಹುಳಿಯ ರುಚಿ ಬಂದಿರುತ್ತದೆ. ನಸುಕಿನಲ್ಲಿ ಗಿಡಗಳ ಮೇಲೆ ತೆಳುವಾದ ಬಟ್ಟೆಯನ್ನು ಹಾಸಿ, ನೆನೆದ ಬಟ್ಟೆಯನ್ನು ಹಿಂಡಿ, ಆ ಹುಳಿಯನ್ನು ತೆಗೆದಿಡುವ ವಾಡಿಕೆ ಹಿಂದಿನಿಂದ ಬಂದದ್ದು. ಬೆಳಗಿನ ಹೊತ್ತು ಮೈ ನಡುಗಿಸುವ ಚಳಿ, ಮಧ್ಯಾಹ್ನಕ್ಕೆ ಹಿತವಾದ ಬಿಸಿಲು. ಶಿವರಾತ್ರಿ ಬಂದರೆ ಚಳಿಯು ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆ ಎಂಬುದು ಜನರ ಮಾತು.

ಮಾಗಿಯ ಈ ಕೊನೆಯ ದಿನಗಳಿಗೆ ಇನ್ನೊಂದು ಗುಣವೂ ಉಂಟು. ಅದನ್ನು ಗಮನಿಸುವವರು ವಿರಳ. ಈ ಕಾಲವು ಹೊಲದ ಬೆಳೆಯನ್ನು ಹೇಗೋ ಹಾಗೆಯೇ ಊರಿನ ಚರಿತ್ರೆಯನ್ನೂ ಕಣ್ಣಿಗೆ ತಂದು ನಿಲ್ಲಿಸುತ್ತದೆ. ಮಳೆಗಾಲದಲ್ಲಿ ಮುಳ್ಳುಕಂಟಿ, ಹುಲ್ಲು, ಪಾಚಿಗಳು ಮುಚ್ಚಿಕೊಂಡಿದ್ದ ಹಳೆಯ ಗೋಡೆಗಳು, ಬಿದ್ದ ಕಂಬಗಳು, ನೆಟ್ಟ ಕಲ್ಲುಗಳು ಈಗ ಬಯಲಾಗುತ್ತವೆ. ನೋಡುವ ಮನಸ್ಸಿದ್ದವನಿಗೆ ಕರ್ನಾಟಕದ ಎಷ್ಟೋ ಊರುಗಳು ಈ ಎರಡು ತಿಂಗಳಲ್ಲಿ ಬಿಚ್ಚಿಟ್ಟ ಪುಸ್ತಕದಂತಾಗುತ್ತವೆ. ಅಂತಹ ಊರುಗಳಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯೂ ಒಂದು.

ಗದಗದಿಂದ ಕೊಪ್ಪಳದ ಕಡೆಗೆ ಹೋಗುವ ದಾರಿಯಲ್ಲಿ ಸುಮಾರು 12 ಕಿಲೋಮೀಟರು ಸಾಗಿದರೆ ಲಕ್ಕುಂಡಿ ಸಿಗುತ್ತದೆ. ದೊಡ್ಡ ಹಳ್ಳಿ ಎಂದರೂ ಸರಿ, ಚಿಕ್ಕ ಪಟ್ಟಣ ಎಂದರೂ ಸರಿ. ಸುತ್ತಲೂ ಎರೆಹೊಲಗಳು, ನಡುವೆ ಒತ್ತೊತ್ತಾದ ಮನೆಗಳು, ಮನೆಗಳ ನಡುವೆ, ಹಿತ್ತಲುಗಳ ಆಚೆ, ಬೀದಿಯ ತಿರುವಿನಲ್ಲಿ ಸಾವಿರ ವರ್ಷದ ಗುಡಿಗಳು. ಶಾಸನಗಳು ಈ ಊರನ್ನು ಲೊಕ್ಕಿಗುಂಡಿ ಎಂದು ಕರೆಯುತ್ತವೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದೊಂದು ಹೆಸರಾದ ಪಟ್ಟಣವಾಗಿತ್ತು. ಇಲ್ಲಿ ಟಂಕಸಾಲೆಯಿತ್ತು, ಇಲ್ಲಿ ಮುದ್ರೆಗೊಂಡ ಹೊನ್ನಿಗೆ ‘ಲೊಕ್ಕಿ ಗದ್ಯಾಣ’ ಎಂಬ ಹೆಸರೇ ಬಂದಿತು. ಒಂದು ಊರಿನ ಹೆಸರು ನಾಣ್ಯಕ್ಕೆ ಅಂಟಿಕೊಳ್ಳಬೇಕಾದರೆ ಆ ಊರಿನ ತೂಕದ ಮೇಲೆ ಜನರಿಗೆ ನಂಬಿಕೆಯಿರಬೇಕು. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನು ಸೇವುಣರನ್ನು ಸೋಲಿಸಿ ಉತ್ತರಕ್ಕೆ ತನ್ನ ಅಧಿಕಾರವನ್ನು ಹಬ್ಬಿಸಿದಾಗ, 1192ರ ಸುಮಾರಿಗೆ, ಬೀಡು ಬಿಡಲು ಆರಿಸಿಕೊಂಡದ್ದು ಈ ಊರನ್ನೇ. ಇಂದು ಬಸ್ಸಿನ ಕಿಟಕಿಯಿಂದ ನೋಡುತ್ತ ಮುಂದೆ ಹೋಗುವ ಪ್ರಯಾಣಿಕನಿಗೆ ಇದೊಂದೂ ಕಾಣುವುದಿಲ್ಲ. ಅವನಿಗೆ ಕಾಣುವುದು ಚಹದ ಅಂಗಡಿ, ಜೋಳದ ಮೇವು ಹೇರಿದ ಗಾಡಿ, ಶಾಲೆಗೆ ಹೊರಟ ಮಕ್ಕಳು.

ಊರಿನಲ್ಲಿಯೇ ಹುಟ್ಟಿ ಬೆಳೆದವನಿಗಾದರೂ ಇವೆಲ್ಲ ಕಾಣುತ್ತವೆಯೆ? ಮುಖ್ಯವಾದ ಪ್ರಶ್ನೆ ಇದೇ. ದಿನವೂ ನೋಡುವ ವಸ್ತುವನ್ನು ಕಣ್ಣು ನೋಡುವುದನ್ನೇ ಬಿಟ್ಟುಬಿಡುತ್ತದೆ. ಅದನ್ನು ಮತ್ತೆ ಕಾಣಬೇಕಾದರೆ ಬೆಳಕು ಬೇರೆಯ ಕಡೆಯಿಂದ ಬೀಳಬೇಕು. ಈ ಮಾತು ಶಾಸನಗಳ ವಿಷಯದಲ್ಲಿ ಅಕ್ಷರಶಃ ಸತ್ಯ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಸವೆದ ಶಾಸನವು ಬರಿಯ ಕಲ್ಲಿನಂತೆ ತೋರುತ್ತದೆ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಾಗ ಪ್ರತಿಯೊಂದು ಗೀರಿನಲ್ಲಿಯೂ ನೆರಳು ತುಂಬುತ್ತದೆ. ಇಲ್ಲದ ಅಕ್ಷರಗಳು ಎದ್ದು ನಿಲ್ಲುತ್ತವೆ. ಮಾಗಿಯಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿಕೊಂಡು ಸಾಗುವುದರಿಂದ ಈ ಓರೆಬೆಳಕು ಹೆಚ್ಚು ಹೊತ್ತು ನಿಲ್ಲುತ್ತದೆ. ಶಾಸನತಜ್ಞರು ಕಲ್ಲಿನ ಪಡಿಯಚ್ಚು ತೆಗೆಯುವುದಕ್ಕೂ ಒಣಹವೆ ಅನುಕೂಲ. ಅವರು ಮೊದಲು ಕಲ್ಲನ್ನು ತೊಳೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಅದು ಅಕ್ಷರಗಳ ತಗ್ಗಿಗೆ ಇಳಿಯುವಂತೆ ಕುಂಚದಿಂದ ತಟ್ಟುತ್ತಾರೆ. ಬಳಿಕ ಮಸಿಯನ್ನು ಮೆಲ್ಲಗೆ ಒತ್ತುತ್ತಾರೆ. ಮಸಿ ತಗಲಿದ ಕಡೆ ಕಪ್ಪು, ತಗ್ಗಿನಲ್ಲಿ ಬಿಳುಪು. ಹೀಗೆ ಒಂದು ಕಲ್ಲಿನ ಮಾತು ಒಂದು ಹಾಳೆಗೆ ಇಳಿದು, ಓದುಬಲ್ಲವರ ಮೇಜಿಗೆ ಹೋಗಿ ಮುಟ್ಟುತ್ತದೆ.

ಲಕ್ಕುಂಡಿಯ ಬಾವಿಗಳಿಗೂ ಮಾಗಿಯ ಕೊನೆಯೇ ತಕ್ಕ ಕಾಲ. ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿಯಂತಹ ಮೆಟ್ಟಿಲುಬಾವಿಗಳಲ್ಲಿ ಮಳೆಗಾಲದ ನೀರು ಇಳಿಯುತ್ತ ಬಂದಂತೆ, ಮುಳುಗಿದ್ದ ಮೆಟ್ಟಿಲುಗಳು ಒಂದೊಂದಾಗಿ ಹೊರಬರುತ್ತವೆ. ಅದರ ಗೋಡೆಗಳಲ್ಲಿ ಚಿಕ್ಕ ಚಿಕ್ಕ ಗೂಡುಗಳು, ಗುಡಿಯ ಶಿಖರಗಳನ್ನು ಹೋಲುವ ಕೆತ್ತನೆಗಳು. ನೀರು ತರಲು ಇಳಿಯುವ ದಾರಿಯನ್ನು ದೇವಾಲಯದ ಅಂಗಳದಷ್ಟೇ ಚೆಲುವಾಗಿ ಕಟ್ಟಿದ ಜನರಿಗೆ ನೀರಿನ ಬೆಲೆ ಗೊತ್ತಿತ್ತು. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಬಾವಿ ತೋಡಿಸುವುದು ಗುಡಿ ಕಟ್ಟಿಸುವುದಕ್ಕಿಂತ ಕಡಮೆಯ ಧರ್ಮವೆಂದು ಯಾರೂ ಭಾವಿಸಿರಲಾರರು.

ಇನ್ನು ಗುಡಿಗಳ ಮಾತು. ಬಾದಾಮಿ, ಪಟ್ಟದಕಲ್ಲುಗಳ ಶಿಲ್ಪಿಗಳು ಕೆಂಪು ಮರಳುಕಲ್ಲಿನಲ್ಲಿ ಕೆಲಸ ಮಾಡಿದವರು. ಆ ಕಲ್ಲಿನಲ್ಲಿ ಗಾಂಭೀರ್ಯವನ್ನು ತರಬಹುದು. ಕೂದಲೆಳೆಯ ನವುರನ್ನು ತರುವುದು ಕಷ್ಟ. ಲಕ್ಕುಂಡಿಯ ಶಿಲ್ಪಿಗಳು ಆರಿಸಿಕೊಂಡದ್ದು ನಯವಾದ ಬಳಪದ ಕಲ್ಲಿನ ಜಾತಿಯ ಶಿಲೆ. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವ ಈ ಕಲ್ಲು ಉಳಿಗೆ ಒಲಿಯಿತು. ಈ ಸೀಮೆಯಲ್ಲಿ ಅಂತಹ ಶಿಲೆಯಲ್ಲಿ ಕಟ್ಟಿದ ಮೊದಮೊದಲ ಕಟ್ಟಡಗಳಲ್ಲಿ ಇಲ್ಲಿನ ಬ್ರಹ್ಮಜಿನಾಲಯವೂ ಒಂದು. ಅನಂತರ ಬಂದ ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡಗಳನ್ನು ನೋಡಿದರೆ, ಆ ಆಯ್ಕೆ ಎಲ್ಲಿಗೆ ಕೊಂಡೊಯ್ದಿತು ಎಂಬುದು ತಿಳಿಯುತ್ತದೆ. ಅಲ್ಲಿ ಶಿವನ ಗರ್ಭಗುಡಿಗೆ ಎದುರಾಗಿ ಸೂರ್ಯನ ಚಿಕ್ಕ ಗುಡಿಯಿದೆ. ಮುಂದೆ ಹೊಯ್ಸಳರ ಬೇಲೂರು ಹಳೆಯಬೀಡುಗಳಲ್ಲಿ ಕಾಣುವ ಸೂಕ್ಷ್ಮ ಕೆತ್ತನೆಯ ಹಿಂದೆ ಇಂತಹ ಚಾಲುಕ್ಯ ಶಿಲ್ಪಿಗಳ ಸಾಧನೆಯಿದೆ. ಹೆನ್ರಿ ಕೌಸೆನ್ಸ್ ಎಂಬ ವಿದ್ವಾಂಸನು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತು ಬರೆದು 1926ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಲಕ್ಕುಂಡಿಗೆ ಹಿರಿದಾದ ಸ್ಥಾನವಿದೆ.

ಬ್ರಹ್ಮಜಿನಾಲಯವನ್ನು ಕಟ್ಟಿಸಿದವಳು ಅತ್ತಿಮಬ್ಬೆ. ಅವಳ ಬದುಕನ್ನು ತಿಳಿದರೆ ಲಕ್ಕುಂಡಿಯ ಚರಿತ್ರೆ ಅರಸರದ್ದು ಮಾತ್ರವಲ್ಲ ಎಂಬುದು ಮನದಟ್ಟಾಗುತ್ತದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ ಕವಿ ಪೊನ್ನನಿಂದ ‘ಶಾಂತಿಪುರಾಣ’ವನ್ನು ಬರೆಯಿಸಿದ ಸೋದರರು ಮಲ್ಲಪಯ್ಯ ಮತ್ತು ಪುನ್ನಮಯ್ಯ. ಅತ್ತಿಮಬ್ಬೆ ಮಲ್ಲಪಯ್ಯನ ಮಗಳು. ಅವಳೂ ಅವಳ ತಂಗಿ ಗುಂಡಮಬ್ಬೆಯೂ ವೀರನಾದ ನಾಗದೇವನ ಕೈಹಿಡಿದರು. ನಾಗದೇವನು ತೀರಿಕೊಂಡಾಗ ಗುಂಡಮಬ್ಬೆ ಅವನೊಡನೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕುವ ದಾರಿಯನ್ನು ಹಿಡಿದಳು. ಮಗನಾದ ಅಣ್ಣಿಗದೇವನನ್ನು ಬೆಳೆಸಿದಳು. ವ್ರತನಿಷ್ಠೆಯಿಂದ ಬಾಳುತ್ತ ತನ್ನ ಸಂಪತ್ತನ್ನು ದಾನಕ್ಕೆ ತೊಡಗಿಸಿದಳು. ‘ದಾನಚಿಂತಾಮಣಿ’ ಎಂಬ ಹೆಸರು ಅವಳಿಗೆ ಸಂದಿತು. ಮುಧೋಳದ ರನ್ನನು 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ್ದು ಅವಳ ಆಶ್ರಯದಲ್ಲಿ.

ಅವಳ ದಾನಗಳಲ್ಲೆಲ್ಲ ವಿಶಿಷ್ಟವಾದದ್ದು ಇನ್ನೊಂದು. ತನ್ನ ತಂದೆ ಬರೆಯಿಸಿದ್ದ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಅವಳು ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಅಂದು ಅಚ್ಚಿನ ಯಂತ್ರವಿರಲಿಲ್ಲ. ಯೂರೋಪಿನಲ್ಲಿ ಗುಟೆನ್‌ಬರ್ಗನ ಮುದ್ರಣಾಲಯ ಹುಟ್ಟುವುದಕ್ಕೆ ಇನ್ನೂ ನಾಲ್ಕೂವರೆ ಶತಮಾನಗಳು ಕಳೆಯಬೇಕಾಗಿತ್ತು. ತಾಳೆಯ ಗರಿಗಳನ್ನು ಹದಮಾಡಿ, ಸಮನಾಗಿ ಕತ್ತರಿಸಿ, ಪ್ರತಿಯೊಂದು ಅಕ್ಷರವನ್ನೂ ಕೈಯಿಂದಲೇ ಬರೆಯಬೇಕು. ಒಂದು ಪ್ರತಿಗೆ ಎಷ್ಟು ದಿನ, ಎಷ್ಟು ಕಣ್ಣು, ಎಷ್ಟು ಬೆರಳು! ಅಂತಹ ಸಾವಿರ ಪ್ರತಿಗಳು. ಓಲೆಗೆ ಗೆದ್ದಲಿನ ಭಯವಿದೆ, ತೇವದ ಭಯವಿದೆ, ಬೆಂಕಿಯ ಭಯವಿದೆ. ಒಂದೇ ಪ್ರತಿ ಇದ್ದರೆ ಒಂದೇ ಅಪಘಾತಕ್ಕೆ ಕಾವ್ಯವು ಇಲ್ಲವಾಗುತ್ತದೆ; ಸಾವಿರ ಮನೆಗಳಲ್ಲಿ ಇದ್ದರೆ ಎಲ್ಲಿಯಾದರೂ ಒಂದು ಉಳಿಯುತ್ತದೆ. ಅತ್ತಿಮಬ್ಬೆಯ ಈ ಕಾರ್ಯದಲ್ಲಿ ಒಂದು ದೊಡ್ಡ ತತ್ತ್ವವಿದೆ. ಒಬ್ಬನ ಬಳಿ ಕೂಡಿಟ್ಟದ್ದು ಉಳಿಯುವುದಿಲ್ಲ. ಹಲವರಿಗೆ ಹಂಚಿದ್ದು ಉಳಿಯುತ್ತದೆ.

ಈ ತತ್ತ್ವವು ಓಲೆಗರಿಗೆ ಹೇಗೋ ಊರಿನ ಚರಿತ್ರೆಗೂ ಹಾಗೆಯೇ ಸಲ್ಲುತ್ತದೆ. ಲಕ್ಕುಂಡಿಯ ವೃತ್ತಾಂತವು ಬೆಂಗಳೂರಿನ ಒಂದು ಗ್ರಂಥಾಲಯದಲ್ಲಿಯೋ ಧಾರವಾಡದ ಒಬ್ಬ ವಿದ್ವಾಂಸರ ಟಿಪ್ಪಣಿಯಲ್ಲಿಯೋ ಇದ್ದರೆ ಸಾಲದು. ಅದು ಲಕ್ಕುಂಡಿಯ ಮನೆಮನೆಗಳಲ್ಲಿ ಇರಬೇಕು. ತನ್ನ ಹಿತ್ತಲಿನ ಕಲ್ಲಿನಲ್ಲಿ ಏನು ಬರೆದಿದೆ ಎಂಬುದನ್ನು ತಿಳಿದ ಗೃಹಿಣಿಯು ಅದರ ಮೇಲೆ ಬಟ್ಟೆ ಒಗೆಯುವುದಿಲ್ಲ. ತಿಳಿಯದವಳು ಒಗೆದರೆ ಅವಳದು ತಪ್ಪಲ್ಲ. ಅವಳಿಗೆ ತಿಳಿಸದವರದು ತಪ್ಪು.

ಇದಕ್ಕೆ ಎದುರಾಗಿ ಒಂದು ಮಾತನ್ನು ಹೇಳುವವರಿದ್ದಾರೆ. ವಿದ್ಯಾರ್ಥಿಗಳು ದೇಶದ ಚರಿತ್ರೆಯನ್ನೂ ಜಗತ್ತಿನ ಚರಿತ್ರೆಯನ್ನೂ ಓದಬೇಕಾಗಿದೆ. ಪರೀಕ್ಷೆಯ ಹೊತ್ತು ಹತ್ತಿರ ಬಂದಿರುವ ಮಾಗಿಯ ದಿನಗಳಲ್ಲಿ ಊರಿನ ಕಲ್ಲು ಬಾವಿಗಳನ್ನು ನೋಡುತ್ತ ತಿರುಗುವುದು ಕಾಲಹರಣ ಎಂಬುದು ಅವರ ವಾದ. ಈ ವಾದದಲ್ಲಿ ಅರ್ಧ ಸತ್ಯವಿದೆ. ತನ್ನ ಊರನ್ನೇ ಜಗತ್ತೆಂದು ತಿಳಿದವನು ಬಾವಿಯ ಕಪ್ಪೆಯಾಗುತ್ತಾನೆ ನಿಜ. ಆದರೆ ದೊಡ್ಡ ಚರಿತ್ರೆಯನ್ನು ಕಟ್ಟಿದ್ದು ಯಾವುದರಿಂದ? ಸತ್ಯಾಶ್ರಯ ಇರಿವಬೆಡಂಗನ ಕಾಲದಲ್ಲಿ ಅತ್ತಿಮಬ್ಬೆ ಇಲ್ಲಿ ಬಸದಿಯನ್ನು ಕಟ್ಟಿಸಿದಳೆಂಬುದು ಗೊತ್ತಾದದ್ದು ಲಕ್ಕುಂಡಿಯ ಶಾಸನದಿಂದ. ಪಠ್ಯಪುಸ್ತಕದ ಒಂದು ಸಾಲಿನ ಹಿಂದೆ ಎಲ್ಲೋ ಒಂದು ಊರಿನ ಒಂದು ಕಲ್ಲು ನಿಂತಿರುತ್ತದೆ. ಆ ಕಲ್ಲು ಒಡೆದರೆ ಆ ಸಾಲಿಗೆ ಸಾಕ್ಷಿಯೇ ಇಲ್ಲ. ಕಲ್ಲನ್ನು ಓದಿ ಸಾಲಿನವರೆಗೆ ಬರುವ ದಾರಿಯನ್ನು ಒಮ್ಮೆಯಾದರೂ ನಡೆದ ವಿದ್ಯಾರ್ಥಿಯು, ಚರಿತ್ರೆಯೆಂದರೆ ಬಾಯಿಪಾಠದ ಇಸವಿಗಳ ಪಟ್ಟಿಯಲ್ಲವೆಂಬುದನ್ನು ಅರಿಯುತ್ತಾನೆ.

ಒಂದು ಚಿಕ್ಕ ಉದಾಹರಣೆ ಸಾಕು. ಶಾಸನಗಳಲ್ಲಿ ಕಾಲವನ್ನು ಸಾಮಾನ್ಯವಾಗಿ ಶಕವರ್ಷದಲ್ಲಿ ಹೇಳುತ್ತಾರೆ. ಅದಕ್ಕೆ 78ನ್ನು ಕೂಡಿದರೆ ಕ್ರಿಸ್ತಶಕದ ವರ್ಷ ಬರುತ್ತದೆ. ಶಕವರ್ಷ 929 ಎಂದರೆ ಕ್ರಿ.ಶ. 1007. ಅತ್ತಿಮಬ್ಬೆಯ ಬಸದಿಯ ಕಾಲ ಅದು. ಆದರೆ ಶಕವರ್ಷವು ಚೈತ್ರದಲ್ಲಿ ಮೊದಲಾಗಿ ಫಾಲ್ಗುಣದಲ್ಲಿ ಮುಗಿಯುತ್ತದೆ. ಆದ್ದರಿಂದ ಮಾಘ ಫಾಲ್ಗುಣಗಳಲ್ಲಿ, ಎಂದರೆ ಇದೇ ಮಾಗಿಯ ಕೊನೆಯ ದಿನಗಳಲ್ಲಿ ಹಾಕಿಸಿದ ಶಾಸನಕ್ಕೆ 78ರ ಬದಲು 79ನ್ನು ಕೂಡಬೇಕು. ಅಷ್ಟರಲ್ಲಿ ಹೊಸ ಇಸವಿ ಹುಟ್ಟಿರುತ್ತದೆ. ಶಾಸನಗಳಲ್ಲಿ ಹೇಮಂತ ಶಿಶಿರಗಳಿಗೆ ವಿಶೇಷ ಸ್ಥಾನವೂ ಉಂಟು. ಕನ್ನಡ ನಾಡಿನ ಎಷ್ಟೋ ದಾನಗಳನ್ನು ‘ಉತ್ತರಾಯಣ ಸಂಕ್ರಾಂತಿ’ಯ ಪುಣ್ಯಕಾಲದಲ್ಲಿ ಕೊಟ್ಟಿದ್ದಾರೆ. ಗುಡಿಯ ನಂದಾದೀವಿಗೆಗೆ ಎಣ್ಣೆ, ಮಠದ ವಿದ್ಯಾರ್ಥಿಗಳಿಗೆ ಅನ್ನ, ಕೆರೆಯ ದುರಸ್ತಿಗೆ ಭೂಮಿ ಎಂದು ನೀರೆರೆದು ಕೊಟ್ಟ ದಾನಗಳಲ್ಲಿ ಹಲವು ಈ ಪುಣ್ಯಕಾಲದವು. ಇಂದು ಎಳ್ಳುಬೆಲ್ಲವನ್ನು ಹಂಚುವ ಹಬ್ಬವು ಅಂದು ಹೊಲ, ಹೊನ್ನುಗಳನ್ನು ಹಂಚುವ ಹಬ್ಬವೂ ಆಗಿತ್ತು. ಇಷ್ಟನ್ನು ಕಲಿತ ಬಾಲಕನಿಗೆ ಗಣಿತ, ಪಂಚಾಂಗ, ಕೃಷಿ, ಧರ್ಮ ಎಲ್ಲವೂ ಒಂದೇ ಕಲ್ಲಿನಲ್ಲಿ ಸಿಕ್ಕಿದಂತಾಗಲಿಲ್ಲವೆ?

ಊರಿನ ಚರಿತ್ರೆಯನ್ನು ಕಲಿಯುವುದರಿಂದ ಆಗುವ ಮತ್ತೊಂದು ಲಾಭವೆಂದರೆ ಕಥೆಗೂ ಸಂಗತಿಗೂ ಇರುವ ಅಂತರ ತಿಳಿಯುವುದು. ಲಕ್ಕುಂಡಿಯಲ್ಲಿ ‘ನೂರೊಂದು ಗುಡಿ, ನೂರೊಂದು ಬಾವಿ’ ಎಂಬ ಮಾತು ಬಹುಕಾಲದಿಂದ ಇದೆ. ಅದು ಎಣಿಕೆಯ ಮಾತಲ್ಲ, ಹೆಚ್ಚಳದ ಮಾತು. ಗುಡಿಗಳೂ ಬಾವಿಗಳೂ ಲೆಕ್ಕಕ್ಕೆ ಸಿಗದಷ್ಟಿದ್ದವೆಂದು ಹಿರಿಯರು ಹೇಳಿದ ರೀತಿ ಅದು. ಅದನ್ನು ಸುಳ್ಳೆಂದು ತಳ್ಳಿಹಾಕುವವನು ಅರಸಿಕ. ಅದನ್ನೇ ಲೆಕ್ಕವೆಂದು ನಂಬುವವನು ಅವಿವೇಕಿ. ವಿವೇಕಿಯಾದವನು ಮಾತನ್ನು ಮಾತಾಗಿ ಗೌರವಿಸಿ, ಎಣಿಸುವುದಕ್ಕೆ ಹೊರಡುತ್ತಾನೆ. ತನ್ನ ಊರಿನ ಬಗೆಗೆ ಅಭಿಮಾನವಿರಬೇಕು. ಆ ಅಭಿಮಾನಕ್ಕೆ ಕಣ್ಣೂ ಇರಬೇಕು.

ಹೀಗೆ ಕಣ್ಣಿಟ್ಟು ನೋಡಿದಾಗ ಸಂತೋಷದೊಡನೆ ದುಃಖವೂ ಆಗುತ್ತದೆ. ಇಂತಹ ಊರುಗಳಲ್ಲಿ ಹಳೆಯ ಗುಡಿಯ ತೊಲೆ ಹೊಸ ಮನೆಯ ಹೊಸ್ತಿಲಾಗಿದೆ. ವೀರಗಲ್ಲು ದನದ ಕೊಟ್ಟಿಗೆಯ ಗೂಟವಾಗಿದೆ. ಶಾಸನದ ಮೇಲೆ ಭಕ್ತಿಯಿಂದಲೇ ಸುಣ್ಣ ಬಳಿದು ಅಕ್ಷರಗಳನ್ನು ಮುಚ್ಚಿದ್ದಾರೆ. ಇವೆಲ್ಲ ಅರಿಯದೆ ಮಾಡಿದವು. ಅರಿತು ಮಾಡುವ ಕೇಡು ಬೇರೆಯಿದೆ. ದೇವರ ಪೀಠದ ಕೆಳಗೆ ಹೊನ್ನಿದೆ ಎಂಬ ದುರಾಸೆಯಿಂದ ನಿಧಿಗಳ್ಳರು ಇರುಳಿನಲ್ಲಿ ಹಾಳುಗುಡಿಗಳನ್ನು ಅಗೆಯುತ್ತಾರೆ. ನಾಡಿನ ಎಷ್ಟೋ ಕಡೆ ನಂದಿಯ ವಿಗ್ರಹಗಳು ಬಗೆಬಗೆಯಾಗಿ ಒಡೆದು ಬಿದ್ದಿರುವುದು ಅವರ ಕೈಯಿಂದ. ಲೊಕ್ಕಿಗುಂಡಿಯ ಹೊನ್ನು ಚರಿತ್ರೆಯಲ್ಲಿ ಹೆಸರು ಪಡೆದದ್ದು ನಿಜ. ಆದರೆ ಆ ಊರು ಬಿಟ್ಟುಹೋದ ನಿಜವಾದ ನಿಧಿಯು ಕಲ್ಲಿನ ಮೇಲ್ಮೈಯಲ್ಲಿಯೇ ಇದೆ. ಅದನ್ನು ಪಡೆಯಲು ಗುದ್ದಲಿ ಬೇಡ, ಅಕ್ಷರಜ್ಞಾನ ಸಾಕು.

ಸ್ಮಾರಕಗಳ ನಡುವೆ ಬಾಳುವ ಜನರ ಕಷ್ಟವನ್ನೂ ಇಲ್ಲಿ ಮರೆಯಬಾರದು. ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ 1958ರಲ್ಲಿ ಕೇಂದ್ರದ ಕಾಯಿದೆಯೂ 1961ರಲ್ಲಿ ನಮ್ಮ ರಾಜ್ಯದ ಕಾಯಿದೆಯೂ ಬಂದವು. 2010ರಲ್ಲಿ ಕೇಂದ್ರದ ಕಾಯಿದೆಗೆ ಆದ ತಿದ್ದುಪಡಿಯು, ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರಿನ ಒಳಗೆ ಹೊಸ ಕಟ್ಟಡವನ್ನು ನಿಷೇಧಿಸಿತು. ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟಬಾರದೆಂದು ವಿಧಿಸಿತು. ಬಯಲಿನಲ್ಲಿ ಒಂಟಿಯಾಗಿ ನಿಂತ ಗುಡಿಗೆ ಈ ನಿಯಮದಿಂದ ಯಾರಿಗೂ ತೊಂದರೆಯಿಲ್ಲ. ಓಣಿಗೊಂದು ಗುಡಿಯಿರುವ ಊರಿನಲ್ಲಿ ಹಾಗಲ್ಲ. ಮಗನಿಗೆ ಮದುವೆಯಾದರೆ ಒಂದು ಕೋಣೆ ಬೇಕು. ಮಾಳಿಗೆ ಸೋರಿದರೆ ರಿಪೇರಿ ಬೇಕು. ಅನುಮತಿಗಾಗಿ ಕಾಗದ ಹಿಡಿದು ಅಲೆಯುವ ಬಡವನಿಗೆ, ಪಕ್ಕದ ಗುಡಿಯು ಪೂರ್ವಜರ ಕೀರ್ತಿಯಾಗಿ ಅಲ್ಲ, ತನ್ನ ಮನೆಯ ಶತ್ರುವಾಗಿ ಕಾಣತೊಡಗಿದರೆ ಆಶ್ಚರ್ಯವೇನು?

ಕೆಲವರು ಇದಕ್ಕೆ ಸುಲಭವಾದ ಪರಿಹಾರವನ್ನು ಹೇಳುತ್ತಾರೆ. ಜನರನ್ನು ಬೇರೆಡೆಗೆ ಕಳುಹಿಸಿ ಊರನ್ನೆಲ್ಲ ವಸ್ತುಸಂಗ್ರಹಾಲಯ ಮಾಡಬೇಕು ಎಂದು ಒಂದು ಪಕ್ಷ. ಹೊಟ್ಟೆಗಿಲ್ಲದವರಿಗೆ ಹಳೆಯ ಕಲ್ಲೇಕೆ, ಕಾಯಿದೆಯನ್ನೇ ತೆಗೆದುಹಾಕಬೇಕು ಎಂದು ಇನ್ನೊಂದು ಪಕ್ಷ. ಎರಡೂ ಒಪ್ಪತಕ್ಕವಲ್ಲ. ಜನರಿಲ್ಲದ ಊರಿನಲ್ಲಿ ಗುಡಿಯು ಉಳಿಯಬಹುದು, ಗುಡಿಯ ನೆನಪು ಉಳಿಯುವುದಿಲ್ಲ. ಅತ್ತಿಮಬ್ಬೆಯ ಹೆಸರನ್ನು ಮಗಳಿಗೆ ಹೇಳುವವರು ಯಾರು? ಬಾವಿಗೆ ಮುಸುಕಿನ ಬಾವಿ, ಕನ್ನೆಬಾವಿ ಎಂಬ ಹೆಸರುಗಳನ್ನು ಬಾಯಿಂದ ಬಾಯಿಗೆ ಸಾಗಿಸುವವರು ಯಾರು? ಮತ್ತೊಂದು ಕಡೆ, ಒಮ್ಮೆ ಒಡೆದ ಕಲ್ಲನ್ನು ಯಾವ ಸರಕಾರವೂ ಮರಳಿ ಕೊಡಲಾರದು. ಮನೆ ಕಟ್ಟಲು ಬೇರೆ ನಿವೇಶನವನ್ನು ಒದಗಿಸಬಹುದು. ಶಾಸನಕ್ಕೆ ಬದಲಿ ಶಾಸನವನ್ನು ಒದಗಿಸುವುದು ಸಾಧ್ಯವಿಲ್ಲ. ಆದುದರಿಂದ ಕಾಯಿದೆ ಇರಲಿ. ಅದರೊಡನೆ ಜನರ ಅಗತ್ಯವನ್ನು ತಡಮಾಡದೆ ವಿಚಾರಿಸುವ ಸೌಜನ್ಯವೂ ಇರಲಿ. ಇವೆರಡಕ್ಕೂ ಮೊದಲು, ಜನರಿಗೆ ತಮ್ಮ ಕಲ್ಲುಗಳ ಮಾತು ತಿಳಿದಿರಲಿ. ತಿಳಿವಿಲ್ಲದ ಕಡೆ ಕಾಯಿದೆಯು ಬೇಲಿ ಮಾತ್ರವಾಗುತ್ತದೆ. ಬೇಲಿಯನ್ನು ಹಾರುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ.

ತಿಳಿವಿದ್ದಲ್ಲಿ ಏನಾಗುತ್ತದೆ ಎಂಬುದಕ್ಕೂ ಲಕ್ಕುಂಡಿಯೇ ನಿದರ್ಶನ. 2024ರ ಕೊನೆಯಲ್ಲಿ ಈ ಊರಿನಲ್ಲಿ ಪ್ರಾಚ್ಯಾವಶೇಷಗಳನ್ನು ಹುಡುಕಿ ಸಂಗ್ರಹಿಸುವ ಕಾರ್ಯ ನಡೆಯಿತು. ಮನೆಯ ಮುಂದೆ, ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ತಲೆಮಾರುಗಳಿಂದ ಬಿದ್ದಿದ್ದ ಶಿಲ್ಪದ ತುಂಡುಗಳನ್ನೂ ಶಾಸನಗಳನ್ನೂ ಊರಿನ ಜನರು ಮುಂದೆ ಬಂದು ಒಪ್ಪಿಸಿದರು. ಬಲವಂತದಿಂದ ಪಡೆಯಲಾಗದ್ದನ್ನು ತಿಳಿವಳಿಕೆಯಿಂದ ಪಡೆಯಬಹುದು ಎಂಬುದು ಇದರಿಂದ ಸಿದ್ಧವಾಯಿತು. ಆದರೆ ಇಂತಹ ಒಳ್ಳೆಯ ಕಾರ್ಯದಲ್ಲಿಯೂ ಒಂದು ಎಚ್ಚರಿಕೆ ಅವಶ್ಯಕ. ಕಲ್ಲು ತನ್ನ ಸ್ಥಳದಿಂದ ಕದಲಿದೊಡನೆ ಅದರ ಅರ್ಧ ಮಾತು ಮೌನವಾಗುತ್ತದೆ. ಅದು ಯಾವ ಓಣಿಯಲ್ಲಿತ್ತು, ಯಾವ ದಿಕ್ಕಿಗೆ ಮುಖಮಾಡಿತ್ತು, ಅದರ ಪಕ್ಕದಲ್ಲಿ ಬಾವಿಯಿತ್ತೋ ಗುಡಿಯಿತ್ತೋ, ಹಿರಿಯರು ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಅಂದೇ ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಸಂಗ್ರಹಾಲಯದಲ್ಲಿ ಸುಂದರವಾದ ಕಲ್ಲುಗಳ ಸಾಲು ಉಳಿಯುತ್ತದೆ. ಊರಿನ ಚರಿತ್ರೆ ಉಳಿಯುವುದಿಲ್ಲ.

ಈ ಬರವಣಿಗೆಯ ಕೆಲಸಕ್ಕೆ ಪ್ರೌಢಶಾಲೆಯ ವಿದ್ಯಾರ್ಥಿಗಳಿಗಿಂತ ಯೋಗ್ಯರು ಯಾರು? ಅವರಿಗೆ ಊರಿನ ಎಲ್ಲ ಓಣಿಗಳೂ ಗೊತ್ತು. ಎಲ್ಲ ಮನೆಯ ಬಾಗಿಲುಗಳೂ ಅವರಿಗೆ ತೆರೆಯುತ್ತವೆ. ಮುದುಕರಿಗೆ ಮೊಮ್ಮಕ್ಕಳೊಡನೆ ಮಾತನಾಡುವ ಆಸೆ. ಮಾಗಿಯ ಬಿಸಿಲಿಗೆ ಕಟ್ಟೆಯ ಮೇಲೆ ಕುಳಿತ ಅಜ್ಜನಿಗೆ ಹೊಲಗಳ ಹಳೆಯ ಹೆಸರುಗಳು, ಹೂತುಹೋದ ಬಾವಿಗಳ ಗುರುತು, ಹಂತಿ ಕಟ್ಟಿ ರಾಶಿ ಮಾಡುವಾಗ ಹಾಡುತ್ತಿದ್ದ ಪದಗಳು ನೆನಪಿರುತ್ತವೆ. ಯಂತ್ರ ಬಂದ ಮೇಲೆ ಕಣದಲ್ಲಿ ಎತ್ತುಗಳ ಹಂತಿ ಅಪರೂಪವಾಯಿತು. ಅದರೊಡನೆ ಆ ಹಾಡುಗಳೂ ಮರೆಯಾಗುತ್ತಿವೆ. ಕಲ್ಲು ಇನ್ನೂ ನೂರು ವರ್ಷ ಕಾಯಬಹುದು. ಅಜ್ಜನ ನೆನಪು ಮುಂದಿನ ಮಾಗಿಯವರೆಗೆ ಕಾಯುತ್ತದೆಂದು ಹೇಳುವಂತಿಲ್ಲ. ಒಂದು ನೋಟುಪುಸ್ತಕ, ಒಂದು ಪೆನ್ಸಿಲು, ಕೇಳುವ ತಾಳ್ಮೆ ಇವಿಷ್ಟೇ ಇದಕ್ಕೆ ಬೇಕಾದ ಬಂಡವಾಳ. ಅಕ್ಷರ ಕಾಣಲೆಂದು ಶಾಸನವನ್ನು ಕೆರೆಯುವುದಾಗಲಿ, ಅದಕ್ಕೆ ಎಣ್ಣೆ ಬಣ್ಣಗಳನ್ನು ಬಳಿಯುವುದಾಗಲಿ ಸಲ್ಲದು. ಬಿದ್ದದ್ದನ್ನು ತಾನೇ ಅಗೆದು ತೆಗೆಯುವುದೂ ಸಲ್ಲದು. ನೋಡುವುದು, ಕೇಳುವುದು, ಬರೆಯುವುದು, ತಿಳಿದವರಿಗೆ ತಿಳಿಸುವುದು ಇಷ್ಟು ಮಾಡಿದರೆ ಸಾಕು.

ಈ ಮಾತು ಲಕ್ಕುಂಡಿಗೆ ಮಾತ್ರ ಮೀಸಲಲ್ಲ. ಪ್ರತಿಯೊಂದು ಊರಿಗೂ ಬ್ರಹ್ಮಜಿನಾಲಯವಿಲ್ಲ. ಆದರೆ ಪ್ರತಿಯೊಂದು ಊರಿಗೂ ಒಂದು ಕೆರೆಯೋ ಬಾವಿಯೋ ಇದೆ, ಅದನ್ನು ತೋಡಿಸಿದವರಿದ್ದಾರೆ. ಒಂದು ಮಾಸ್ತಿಕಲ್ಲೋ ವೀರಗಲ್ಲೋ ಇದೆ, ಅದರ ಹಿಂದೆ ಒಂದು ಮರಣವಿದೆ, ಆ ಮರಣವನ್ನು ಮರೆಯಬಾರದೆಂದು ಬಯಸಿದ ಯಾರೋ ಇದ್ದಾರೆ. ಕಲ್ಲು ನೆಟ್ಟವರು ಮುಂದಿನವರ ಮೇಲೆ ನಂಬಿಕೆಯಿಟ್ಟೇ ನೆಟ್ಟರು. ಶಾಸನದ ಕೊನೆಯಲ್ಲಿ ಈ ಧರ್ಮವನ್ನು ಕಾಯ್ದವರಿಗೆ ಪುಣ್ಯವನ್ನೂ ಅಳಿದವರಿಗೆ ಶಾಪವನ್ನೂ ಬರೆಯುವ ವಾಡಿಕೆಯಿತ್ತು. ಆ ದಾನಗಳ ಹೊಲಗಳು ಇಂದು ಯಾರ ಯಾರವೋ ಆಗಿವೆ, ದೀವಿಗೆಗಳು ಆರಿವೆ. ಕಾಯುವುದಕ್ಕೆ ಉಳಿದಿರುವುದು ಮಾತು ಮಾತ್ರ. ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಮಾಡಿಸಿ ಒಂದು ಕಾವ್ಯವನ್ನು ಕಾಯ್ದಳು. ಒಂದೊಂದು ಊರಿನ ಒಂದೊಂದು ಶಾಲೆಯಲ್ಲಿ ಒಂದೊಂದು ನೋಟುಪುಸ್ತಕ ತುಂಬಿದರೆ, ಕನ್ನಡ ನಾಡಿನ ಚರಿತ್ರೆಗೆ ಅಂತಹ ಸಾವಿರ ಪ್ರತಿಗಳು ಸಿದ್ಧವಾಗುತ್ತವೆ. ಅದಕ್ಕೆ ಹೊನ್ನು ಬೇಕಾಗಿಲ್ಲ, ರಾಜಾಶ್ರಯ ಬೇಕಾಗಿಲ್ಲ. ಮಾಗಿಯ ಕೊನೆಯ ಕೆಲವು ಸಂಜೆಗಳು ಸಾಕು.